ಹೊಂಗೆ ಮರದ ಕೆಳಗಿನ ಬುಟ್ಟಿ

ನಮ್ಮಪ್ಪ ತಟ್ಟೆ ಎಸೆಯುವ ಆಟ ಕಲಿತದ್ದು ಸಾಯುವ ಹಿಂದಿನ ವರ್ಷ, ಅದೂ ಹೈಸ್ಕೂಲು ಹುಡುಗಿಯರ ಜೊತೆ. ಊರಿನಲ್ಲಿ ನಕ್ಕವರಿಗೆ ಲೆಕ್ಕವಿಲ್ಲ. ಮುದುಕನಿಗೆ ಅರಳುಮರಳು ಅಂದರು. ಮಗಳ ಬಾಯಿಗೆ ಹೆದರಿ ಮನೆಯಿಂದ ತಪ್ಪಿಸಿಕೊಂಡು ಹೋಗುತ್ತಾನೆ ಅಂದರು. ನನ್ನ ಬಾಯಿ ಜೋರು, ಅದನ್ನು ನಾನೇನೂ ಇಲ್ಲ ಅನ್ನುವುದಿಲ್ಲ. ಆದರೆ ಅಪ್ಪ ದಿನಾ ಸಂಜೆ ಆ ಸ್ಕೂಲಿಗೆ ಯಾಕೆ ಹೋಗುತ್ತಿದ್ದ ಅನ್ನುವುದು ನಕ್ಕವರಿಗೂ ಗೊತ್ತಿತ್ತು. ಗೊತ್ತಿದ್ದೂ ನಕ್ಕರಲ್ಲ, ಅದಕ್ಕೇ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ನಮ್ಮೂರು ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ರಸ್ತೆ ಬಿಟ್ಟು ಒಂದಿಷ್ಟು ಒಳಗೆ. ಊರು ಮುಗಿಯುವ ಕಡೆ ಸರ್ಕಾರಿ ಹೈಸ್ಕೂಲು. ಅಲ್ಲಿನ ಪಿ.ಟಿ. ಮೇಷ್ಟ್ರು ಚನ್ನರಾಯಪಟ್ಟಣದಿಂದ ಬೈಕಿನಲ್ಲಿ ಬಂದುಹೋಗುವ ಚಿಕ್ಕ ವಯಸ್ಸಿನವರು. ಹಾಸನದಲ್ಲಿ ಯಾವುದೋ ತರಬೇತಿಗೆ ಹೋಗಿದ್ದವರು ಡಿಸ್ಕ್ ಗಾಲ್ಫ್ ಎಂಬ ಆಟವನ್ನು ತಲೆಗೆ ಹತ್ತಿಸಿಕೊಂಡು ಬಂದರು. ತಿಂಡಿ ತಟ್ಟೆಯಷ್ಟಗಲದ ಪ್ಲಾಸ್ಟಿಕ್ ಡಿಸ್ಕನ್ನು ದೂರದ ಕಬ್ಬಿಣದ ಬುಟ್ಟಿಯ ಕಡೆಗೆ ಎಸೆಯಬೇಕು, ಬಿದ್ದಲ್ಲಿಂದ ಎತ್ತಿ ಮತ್ತೆ ಎಸೆಯಬೇಕು, ಕಡಿಮೆ ಎಸೆತದಲ್ಲಿ ಬುಟ್ಟಿಗೆ ಹಾಕಿದವರು ಗೆದ್ದ ಹಾಗೆ. ಇಷ್ಟೇ ಆಟ. ಬುಟ್ಟಿಗಳನ್ನು ಹೊಳೆನರಸೀಪುರದ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದರು. ಒಂದು ಪೈಪು, ಅದರ ತಲೆಗೆ ಹಳೇ ಸೈಕಲ್ ರಿಮ್ಮು, ರಿಮ್ಮಿನಿಂದ ಸುತ್ತ ಇಳಿಬಿಟ್ಟ ಸರಪಳಿ, ಕೆಳಗೆ ಡಿಸ್ಕ್ ಬೀಳಲಿಕ್ಕೆ ಒಂದು ಜಾಲರಿ. ಡಿಸ್ಕ್ ಸರಪಳಿಗೆ ತಗುಲಿದರೆ ಝಲ್ಲೆಂದು ಸದ್ದಾಗಿ ಕೆಳಗೆ ಬೀಳುತ್ತದೆ. ಮಕ್ಕಳು ಅದನ್ನು ತಟ್ಟೆ ಆಟ ಅಂತಲೇ ಕರೆದರು.

ಆಟದ ದಾರಿ ಚಿಕ್ಕದು, ಆರೇ ಬುಟ್ಟಿ. ನೀರಿನ ಟ್ಯಾಂಕಿನ ಪಕ್ಕ ನೆಟ್ಟ ಒಂದು ಚಪ್ಪಡಿ ಕಲ್ಲಿನ ಹತ್ತಿರ ನಿಂತು ಶುರುಮಾಡಬೇಕು. ಬಿಸಿಯೂಟದ ಕೋಣೆಯ ಹಿಂದೆ ಒಂದು ಬುಟ್ಟಿ, ಸಿಲ್ವರ್ ಓಕ್ ಸಾಲಿನ ನಡುವೆ ಒಂದು, ಹೀಗೆ ಮೈದಾನದ ಸುತ್ತ ಸುತ್ತಿಕೊಂಡು ಬಂದು ಕೊನೆಯದು ಪಡುವಣ ಮೂಲೆಯ ಹೊಂಗೆ ಮರದ ಕೆಳಗೆ. ಕಲ್ಲಿನ ಹತ್ತಿರ ನಿಂತರೆ ಹೊಂಗೆ ಮರ ನೇರ ಕಾಣುತ್ತದೆ. ಜೀವಮಾನದಲ್ಲಿ ಮೊದಲ ಸಲ ಡಿಸ್ಕ್ ಹಿಡಿದವರೂ ಬೇಜಾರಾಗದೆ ಮುಗಿಸಬಹುದು, ಅಷ್ಟು ಸಲೀಸು. ಆ ಕೊನೆಯ ಬುಟ್ಟಿಯ ಪಕ್ಕದಲ್ಲಿ ನಮ್ಮವ್ವನ ಸಮಾಧಿ ಇದೆ.

ಸ್ಕೂಲು ನಿಂತಿರುವ ಜಾಗ ನಮ್ಮ ಹೊಲ. ನಾನು ಏಳನೇ ಕ್ಲಾಸು ಮುಗಿಸುವ ಹೊತ್ತಿಗೆ ನಮ್ಮೂರಿಗೆ ಹೈಸ್ಕೂಲು ಮಂಜೂರಾಗಿತ್ತು. ಜಾಗ ಕೊಡುವವರಿಲ್ಲದೆ ಪಕ್ಕದ ಊರಿಗೆ ಹೋಗುವುದರಲ್ಲಿತ್ತು. ಪಕ್ಕದ ಊರಿಗೆ ಹಳ್ಳ ದಾಟಿ ನಡೆಯಬೇಕು, ಹೆಣ್ಣುಮಕ್ಕಳನ್ನು ಯಾರು ಕಳಿಸುತ್ತಾರೆ? ಅವ್ವ ಒಂದು ದಿನ ಅಪ್ಪನ ಮುಂದೆ ಮುದ್ದೆ ಇಟ್ಟು, ಮಗಳು ಓದಬೇಕೋ ಸಗಣಿ ಬಾಚಬೇಕೋ ಹೇಳು ಅಂದಳಂತೆ. ನನ್ನ ಬಾಯಿ ಎಲ್ಲಿಂದ ಬಂತು ಅಂತ ಬೇರೆ ಹೇಳಬೇಕಾಗಿಲ್ಲ. ಅಪ್ಪ ಹೊಳೆನರಸೀಪುರಕ್ಕೆ ಹೋಗಿ ರಸ್ತೆ ಪಕ್ಕದ ಆ ಹೊಲವನ್ನು ದಾನಪತ್ರ ಮಾಡಿಕೊಟ್ಟು ಬಂದ. ನಮಗೆ ಉಳಿದದ್ದು ಕಾಲುವೆ ಹತ್ತಿರದ ತುಂಡು ಗದ್ದೆ ಮಾತ್ರ.

ಅಲ್ಲಿಯೇ ಎಡವಟ್ಟಾದದ್ದು. ನಮ್ಮ ಕಡೆ ಸತ್ತವರನ್ನು ಸುಡುವುದಿಲ್ಲ, ಅವರವರ ಹೊಲದಲ್ಲಿ ಮಣ್ಣು ಮಾಡುತ್ತೇವೆ. ಹೊಂಗೆ ಮರದ ಮೂಲೆಯಲ್ಲಿ ನಮ್ಮ ತಾತ, ಮುತ್ತಾತ, ಅಜ್ಜಿಯರು ಎಲ್ಲರೂ ಮಲಗಿದ್ದಾರೆ. ದಾನಪತ್ರ ಬರೆಸುವಾಗ ಆ ಮೂಲೆ ಬಿಟ್ಟು ಉಳಿದದ್ದು ಅಂತ ಬರೆಸಬೇಕಿತ್ತು. ಅಪ್ಪನಿಗೆ ಅದು ಹೊಳೆಯಲೇ ಇಲ್ಲ. ಪತ್ರ ಬರೆದವನಿಗೂ ಹೊಳೆಯಲಿಲ್ಲ, ಸಾಕ್ಷಿಗೆ ಹೋಗಿದ್ದ ಊರಿನ ಯಜಮಾನರಿಗೂ ಹೊಳೆಯಲಿಲ್ಲ. ಹಿರಿಯರು ಮಲಗಿರುವ ಜಾಗವನ್ನು ಯಾರಾದರೂ ಯಾರಿಗಾದರೂ ಕೊಡುತ್ತಾರೆಯೇ? ಕೊಡಲಿಕ್ಕೇ ಆಗದ್ದನ್ನು ಕೊಟ್ಟಿಲ್ಲ ಅಂತ ಯಾಕೆ ಬರೆಸಬೇಕು ಅನ್ನುವುದು ಅವರೆಲ್ಲರ ಲೆಕ್ಕ. ಹಾಗಾಗಿ ಕಾಗದದ ಮೇಲೆ ಮರದ ಆಚೆಯ ಬದುವಿನವರೆಗೂ ಸ್ಕೂಲಿನದೇ ಆಯಿತು.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅವ್ವ ಕಾಮಾಲೆಯಾಗಿ ಹೋದಳು. ಹೊಂಗೆ ಮರದ ಕೆಳಗೇ ಮಣ್ಣು ಮಾಡಿದರು. ಯಾರನ್ನೂ ಕೇಳಲಿಲ್ಲ, ಯಾರೂ ತಡೆಯಲಿಲ್ಲ. ಆಗಿನ ಹೆಡ್‌ಮೇಷ್ಟ್ರು ಸ್ಕೂಲಿಗೆ ರಜೆ ಕೊಟ್ಟು ತಾವೇ ಬಂದು ಒಂದು ಹಿಡಿ ಮಣ್ಣು ಹಾಕಿದರು. ತಿಥಿಯೆಲ್ಲ ಮುಗಿದ ಮೇಲೆ ಅಪ್ಪ ಅವ್ವನ ಬಲಕ್ಕೆ ಒಂದು ಚಪ್ಪಡಿ ಕಲ್ಲು ತಂದು ನೆಟ್ಟ. ಅದು ಅವನ ಜಾಗ. ಊರಿಗೆಲ್ಲ ತೋರಿಸಿ ಹೇಳಿದ. ನಾನು ಕ್ಲಾಸಿನ ಕಿಟಕಿಯಿಂದ ಆ ಮಣ್ಣಿನ ದಿಬ್ಬವನ್ನೂ ಪಕ್ಕದ ಕಲ್ಲನ್ನೂ ನೋಡುತ್ತಲೇ ಎಸ್ಸೆಸ್ಸೆಲ್ಸಿ ಪಾಸು ಮಾಡಿದೆ. ಟೀಚರ್ ಆದೆ. ಈಗ ಅರಕಲಗೂಡಿನ ಕಡೆ ಒಂದು ಸರ್ಕಾರಿ ಪ್ರೈಮರಿ ಸ್ಕೂಲಿನಲ್ಲಿದ್ದೇನೆ. ನಡುವೆ ಮದುವೆಯಾಯಿತು, ಅದು ಬಹಳ ದಿನ ಬಾಳಲಿಲ್ಲ, ಅಪ್ಪನ ಮನೆಗೇ ವಾಪಸು ಬಂದೆ.

ಆಟದ ಬುಟ್ಟಿ ನೆಟ್ಟ ವಿಷಯ ನಮಗೆ ಗೊತ್ತಾದದ್ದು ಪಿತೃಪಕ್ಷದಲ್ಲಿ. ಅವ್ವನಿಗೆ ಎಡೆ ಇಡಲು ತಟ್ಟೆ ತುಂಬ ಅಡಿಗೆ ಜೋಡಿಸಿಕೊಂಡು ಅಪ್ಪನ ಜೊತೆ ಹೋದರೆ, ಕಲ್ಲಿದ್ದ ಜಾಗದಲ್ಲಿ ಸಿಮೆಂಟ್ ಹಾಕಿ ಕಂಬ ನಿಲ್ಲಿಸಿದ್ದಾರೆ, ಮೇಲೆ ಸರಪಳಿ ಅಲ್ಲಾಡುತ್ತಿದೆ. ಎಡೆ ತಟ್ಟೆ ಸಮಾಧಿಯ ಮೇಲಿಟ್ಟವಳೇ ಮೈದಾನದ ಆ ತುದಿಯವರೆಗೂ ಕೇಳುವ ಹಾಗೆ ಬಾಯಿ ಮಾಡಿದೆ. ಪಿ.ಟಿ. ಮೇಷ್ಟ್ರು ಓಡಿ ಬಂದರು. ಪಾಪ, ಹೊಸಬರು, ಅವರಿಗೇನು ಗೊತ್ತು? ಅದು ಯಾವುದೋ ಹಳೇ ಗೋಲ್‌ಪೋಸ್ಟಿನ ಕಲ್ಲು ಅಂದುಕೊಂಡರಂತೆ. ಕಿತ್ತಾಗ ಕೆಳಗಿನ ಮಣ್ಣು ಮೆತ್ತಗಿತ್ತು, ಕಂಬಕ್ಕೆ ಗುಂಡಿ ತೆಗೆಯುವುದು ಸಲೀಸಾಯಿತು. ಚಪ್ಪಟೆಯಾದ ಒಳ್ಳೆ ಕಲ್ಲು, ಯಾಕೆ ಬಿಸಾಡುವುದು ಅಂತ ಟ್ಯಾಂಕಿನ ಹತ್ತಿರ ಆಟ ಶುರುಮಾಡುವ ಜಾಗಕ್ಕೆ ನೆಟ್ಟರಂತೆ. ಸತ್ತ ಮೇಲೆ ಅಪ್ಪ ಮಲಗುವ ಜಾಗ ಅದು ಅಂತ ನಾನು ಹೇಳಿದಾಗ ಅವರ ಮುಖ ಬಿಳಿಚಿಕೊಂಡಿತು. ಕೈಮುಗಿದು, ಇವತ್ತೇ ಕೀಳಿಸುತ್ತೇನೆ ಅಂದರು.

ಅಪ್ಪ ಮಾತ್ರ ಕಂಬವನ್ನು ಅಲ್ಲಾಡಿಸಿ ನೋಡಿದ. ಸರಪಳಿಯನ್ನು ಮುಟ್ಟಿ ನೋಡಿದ. ನಾಲ್ಕೈದು ಹುಡುಗಿಯರು ಡಿಸ್ಕ್ ಹಿಡಿದುಕೊಂಡು ದೂರದಲ್ಲಿ ಹೆದರಿ ನಿಂತಿದ್ದರು, ನನ್ನ ಗಂಟಲಿಗೆ ಹೆದರದವರು ಯಾರು.

"ಬುಡಿ ಸಾ," ಅಂದ ಅಪ್ಪ. "ಕಂಬ ತಾನೆ. ಕಾಲ ಬಂದಾಗ ಕಿತ್ಕಬೋದು. ಅಲ್ಲೀಗಂಟ ಐಕ್ಳು ಆಡ್ಕಳ್ಲಿ."

ಆಮೇಲೆ ಟ್ಯಾಂಕಿನ ಹತ್ತಿರ ನಡೆದು ಹೋಗಿ ತನ್ನ ಕಲ್ಲನ್ನು ನೋಡಿದ. ಅದರ ನೆತ್ತಿಯ ಮೇಲೆ ಮಕ್ಕಳು ಬಿಳಿ ಬಣ್ಣ ಬಳಿದಿದ್ದರು. ಒಬ್ಬ ಹುಡುಗಿ ಧೈರ್ಯ ಮಾಡಿ, ತಾತ ನೀವೂ ಒಂದು ಎಸೀರಿ ಅಂತ ಡಿಸ್ಕ್ ಕೊಟ್ಟಳು. ಅಪ್ಪ ಕಣದಲ್ಲಿ ರಾಗಿ ತೂರುವ ಹಾಗೆ ಕೈ ಬೀಸಿದ. ಡಿಸ್ಕ್ ನೆಲಕ್ಕೆ ಬಿದ್ದು ಗಾಲಿಯ ಥರ ಉರುಳಿಕೊಂಡು ಹೋಗಿ ಚರಂಡಿಗೆ ಬಿತ್ತು. ಹುಡುಗಿಯರು ನಕ್ಕರು, ಅಪ್ಪನೂ ನಕ್ಕ. ನಾನು ಒಬ್ಬಳೇ ಮೂತಿ ಊದಿಸಿಕೊಂಡು ನಿಂತಿದ್ದೆ.

ಅಪ್ಪನಿಗೆ ಆಗಲೇ ಕಾಲು ಊದಿಕೊಳ್ಳುತ್ತಿತ್ತು. ಹಾಸನದ ಡಾಕ್ಟರು ಹೃದಯ ದಣಿದಿದೆ ಅಂದಿದ್ದರು. ಉಪ್ಪು ಬಿಡಿಸಿದ್ದರು, ದಿನಾ ಮೆಲ್ಲಗೆ ನಡೆಯಲು ಹೇಳಿದ್ದರು. ಅದೇ ನೆಪ ಆಯಿತು. ನಾಲ್ಕೂವರೆಯ ಗಂಟೆ ಬಾರಿಸುತ್ತಿದ್ದ ಹಾಗೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದ. ಹುಡುಗಿಯರು ಅವನಿಗೇ ಅಂತ ಒಂದು ಕೆಂಪು ಡಿಸ್ಕ್ ಕೊಟ್ಟುಬಿಟ್ಟಿದ್ದರು, ಅದನ್ನು ಮನೆಯಲ್ಲೇ ಇಟ್ಟುಕೊಂಡಿದ್ದ. ಎಷ್ಟು ಕಲಿತರೂ ಅವನ ಆಟ ಅಷ್ಟಕ್ಕಷ್ಟೇ. ಒಂದು ಸಲ ಬಿಸಿಯೂಟದ ಕೋಣೆಯ ಶೀಟಿನ ಮೇಲೆ ಎಸೆದು, ಅಡಿಗೆಯವಳ ಕೈಲಿ ಬೈಸಿಕೊಂಡ. ಆದರೂ ಆರೂ ಬುಟ್ಟಿ ಮುಗಿಸದೆ ಬರುತ್ತಿರಲಿಲ್ಲ. ಕೊನೆಯ ಬುಟ್ಟಿಗೆ ಹಾಕಿದ ಮೇಲೆ ಅವ್ವನ ಸಮಾಧಿಯ ಪಕ್ಕ ಕಂಬಕ್ಕೆ ಒರಗಿ ಕೂರುತ್ತಿದ್ದ. ಅಲ್ಲಿ ಏನು ಮಾತಾಡುತ್ತಿದ್ದನೋ, ನಾನು ಕೇಳಲಿಲ್ಲ. ಹುಡುಗಿಯರು ಸಮಾಧಿಯ ಮೇಲೆ ಬ್ಯಾಗು ಇಟ್ಟು, ಅವನ ಪಕ್ಕ ಕೂತು ನೆಲ್ಲಿಕಾಯಿ ತಿನ್ನುತ್ತಿದ್ದರು. ನನಗೆ ಅದು ಮೊದಮೊದಲು ಸರಿಬರಲಿಲ್ಲ. ಇರ್ಲಿ ಬುಡು, ನಿಮ್ಮವ್ವನಿಗೂ ಒಂದಿಷ್ಟು ಸದ್ದು ಬೇಕು ಅಂದ.

ಆ ಚಳಿಗಾಲ ಸ್ಕೂಲಿಗೆ ಕಾಂಪೌಂಡು ಬಂತು. ರಾತ್ರಿ ಕುಡುಕರು ಬಂದು ಬಾಟಲಿ ಒಡೆದು ಹೋಗುತ್ತಿದ್ದರು, ಕಟ್ಟಿಸಿದ್ದು ತಪ್ಪಲ್ಲ. ಹೊಂಗೆ ಮರ ಗೋಡೆಯ ಒಳಗೆ ಉಳಿಯಿತು. ಗೇಟಿಗೆ ಬೀಗ ಬಂತು, ಹೊರಗಿನವರಿಗೆ ಪ್ರವೇಶವಿಲ್ಲ ಅಂತ ಬೋರ್ಡು ಬಂತು. ಅಪ್ಪನನ್ನು ಮಾತ್ರ ಯಾರೂ ತಡೆಯಲಿಲ್ಲ. ಅವನು ಆಟ ಆಡುವವನು, ಪಿ.ಟಿ. ಮೇಷ್ಟ್ರ ಶಿಷ್ಯ. ತನ್ನ ಹೊಲಕ್ಕೆ, ತನ್ನ ಹೆಂಡತಿ ಮಲಗಿರುವ ಜಾಗಕ್ಕೆ ಹೋಗಲು ನಮ್ಮಪ್ಪನಿಗೆ ಒಂದು ಕೆಂಪು ತಟ್ಟೆ ಬೇಕಾಯಿತು.

ಗೋಡೆ ಎದ್ದ ಮೇಲೆಯೇ ಅಪ್ಪನಿಗೆ ಕೇಳಬೇಕು ಅನ್ನುವುದು ತಲೆಗೆ ಬಂದದ್ದು. ತಾನು ಸತ್ತಾಗ ಅಲ್ಲಿ ಮಣ್ಣು ಮಾಡಲು ಸ್ಕೂಲಿನವರ ಒಪ್ಪಿಗೆ ಕೇಳುತ್ತೇನೆ ಅಂದ. ನನಗೆ ತಲೆ ಕೆಟ್ಟುಹೋಯಿತು. ನಾನೂ ಸರ್ಕಾರಿ ಕೆಲಸದಲ್ಲಿರುವವಳು. ಬಾಯಿಬಿಟ್ಟು ಕೇಳಿದರೆ ಅದು ಫೈಲಾಗುತ್ತದೆ, ಫೈಲಾದರೆ ಯಾರೂ ಹೂಂ ಅನ್ನುವುದಿಲ್ಲ. ಸುಮ್ಮನೆ ಮಣ್ಣು ಮಾಡಿದರೆ ಯಾರೂ ಉಸಿರೆತ್ತುವುದಿಲ್ಲ. ಇದನ್ನು ಮೂರು ದಿನ ಬಡಬಡಿಸಿದೆ. ಅವ್ವನನ್ನು ಮಣ್ಣು ಮಾಡುವಾಗ ನೀನು ಯಾರನ್ನು ಕೇಳಿದ್ದೆ ಅಂತ ಜಗಳ ತೆಗೆದೆ.

ಅಪ್ಪ ಊದಿದ ಕಾಲನ್ನು ಒತ್ತಿಕೊಳ್ಳುತ್ತ ಕೂತಿದ್ದವನು ಅಂದ: "ಆಗ ಬ್ಯಾಲಿ ಇರ್ನಿಲ್ಲ. ನಂದೂ ಅವ್ರುದೂ ಬ್ಯಾರೆ ಅಂತ ಯಾರ್ಗೂ ಅನ್ಸಿರ್ನಿಲ್ಲ. ಈಗ ಗ್ವಾಡೆ ಅದೆ. ಕೊಟ್ಟುದ್ದು ಕೊಟ್ಟಂಗೆ. ಕೇಳ್ದೆ ಎಂಗವ್ವ ಓಗಿ ಮಲೀಕಳದು?"

ಹೋಗಿ ಕೇಳಿಯೇಬಿಟ್ಟ. ಹೆಡ್ ಮೇಡಂ ಕೆಟ್ಟವರಲ್ಲ. ಹೊಳೆನರಸೀಪುರದಿಂದ ಬಂದುಹೋಗುವ, ನನ್ನದೇ ವಯಸ್ಸಿನ ಹೆಂಗಸು. ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ಕುಡಿಯಲು ನೀರು ಕೊಟ್ಟು, ನಾನೊಬ್ಬಳೇ ತೀರ್ಮಾನ ಮಾಡುವ ವಿಷಯ ಅಲ್ಲ, ಸಮಿತಿಯ ಮುಂದೆ ಇಡುತ್ತೇನೆ ಅಂದರು. ಶಾಲಾಭಿವೃದ್ಧಿ ಸಮಿತಿಯಲ್ಲಿ ನಮ್ಮೂರಿನವರೇ ಇದ್ದಾರೆ. ಅವರ ಅಪ್ಪಂದಿರೇ ಅವತ್ತು ದಾನಪತ್ರಕ್ಕೆ ಸಾಕ್ಷಿ ಹಾಕಿದ್ದು. ಎಲ್ಲರೂ ತಲೆ ಕೆರೆದುಕೊಂಡರು. ಅದರಲ್ಲಿ ಒಬ್ಬ, ಸ್ಕೂಲನ್ನು ಸ್ಮಶಾನ ಮಾಡುತ್ತಿದ್ದಾರೆ, ಮಕ್ಕಳು ಹೆದರಿಕೊಳ್ಳುತ್ತಾರೆ ಅಂತ ಮೇಲಕ್ಕೆ ದೂರು ಕೊಟ್ಟ. ಅವನ ಮಗಳು ನಮ್ಮಪ್ಪನ ಪಕ್ಕದಲ್ಲಿ ಕೂತು ನೆಲ್ಲಿಕಾಯಿ ತಿನ್ನುತ್ತಿದ್ದವಳು.

ಹೊಳೆನರಸೀಪುರದ ಶಿಕ್ಷಣ ಇಲಾಖೆ ಆಫೀಸಿಗೆ, ಅಲ್ಲಿಂದ ಹಾಸನದ ಆಫೀಸಿಗೆ ನಾನೇ ರಜೆ ಹಾಕಿ ಅಲೆದೆ. ಕಾಗದದಲ್ಲಿ ಆ ಮೂಲೆ ಬಿಟ್ಟಿಲ್ಲವಲ್ಲ ಅಂತ ಎಲ್ಲ ಕಡೆ ಅದೇ ಮಾತು. ಒಬ್ಬ ಸಾಹೇಬರು ನನ್ನನ್ನೇ ಕೇಳಿದರು, ನೀವು ಟೀಚರು, ನಿಮಗೆ ಇಷ್ಟೂ ತಿಳಿಯಲ್ವಾ ಅಂತ. ಜಾಗ ಕೊಟ್ಟಾಗ ನಾನು ಟೀಚರಲ್ಲ, ಲಂಗ ಉಟ್ಟ ಹುಡುಗಿ ಅಂದೆ. ಅವರು ಫೈಲು ಮುಚ್ಚಿದರು. ಕೊನೆಗೆ ಬಂದ ಉತ್ತರ ಇಷ್ಟು: ಸ್ಕೂಲಿನ ಜಾಗದಲ್ಲಿ ಇನ್ನು ಮುಂದೆ ಯಾರನ್ನೂ ಹೂಳುವಂತಿಲ್ಲ. ಹೂಳಿದರೆ ಹೊಸದರ ಜೊತೆಗೆ ಹಳೆಯದನ್ನೂ ತೆರವು ಮಾಡಿಸುತ್ತಾರೆ. ಅಂದರೆ ಅವ್ವನನ್ನೂ ಅಗೆದು ತೆಗೆಸುತ್ತಾರೆ.

ಹೆಡ್ ಮೇಡಂ ಇದನ್ನು ತಾವೇ ಅಪ್ಪನಿಗೆ ಹೇಳಿದರು. ಅವತ್ತು ಅವನು ಆಟ ಆಡದೆ ಮನೆಗೆ ಬಂದ. ಮುದ್ದೆ ಮುರಿದು, ಸಪ್ಪೆ ಸಾರಿನಲ್ಲಿ ಅದ್ದಿ, ನುಂಗಲಾಗದೆ ಹಾಗೇ ಕೂತ. ಕೇಳಾಯ್ತು, ಇಲ್ಲ ಅಂದ್ರು ಅಂದ. ನನಗೆ ಅವನ ಮೇಲೇ ಸಿಟ್ಟು ಬಂತು. ನಾನು ಬಡಕೊಂಡೆ, ನೀನು ಕೇಳಲಿಲ್ಲ ಅಂತ ಕೂಗಾಡಿದೆ. ಕೂಗಾಡಿ ಮುಗಿಸಿ ಹಿತ್ತಿಲಿಗೆ ಹೋಗಿ ಅತ್ತೆ. ಅಪ್ಪ ತಟ್ಟೆಗೆ ನೀರು ಹಾಕಿ ಕೈ ತೊಳೆದು, ಮಾರನೇ ದಿನ ಮತ್ತೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟ.

ಬೇಸಿಗೆ ಬರುವ ಹೊತ್ತಿಗೆ ಅವನಿಗೆ ಆರು ಬುಟ್ಟಿ ಸುತ್ತಲು ಆಗುತ್ತಿರಲಿಲ್ಲ. ಮೊದಮೊದಲು ಸಿಲ್ವರ್ ಓಕ್ ಸಾಲಿನವರೆಗೆ ಹೋಗಿ ನಿಂತುಬಿಡುತ್ತಿದ್ದ, ಆಮೇಲೆ ಬಿಸಿಯೂಟದ ಕೋಣೆಯವರೆಗೆ. ಉಸಿರು ಸಿಗುತ್ತಿರಲಿಲ್ಲ, ತುಟಿ ನೀಲಿಯಾಗುತ್ತಿತ್ತು. ಹಾಸನದ ಆಸ್ಪತ್ರೆಯಲ್ಲಿ ಒಂದು ವಾರ ಮಲಗಿಸಿ, ಮೈಯಲ್ಲಿ ತುಂಬಿದ್ದ ನೀರು ತೆಗೆದು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಅಂದು ಕಳಿಸಿದರು. ಆ ಮಾತಿನ ಅರ್ಥ ಬಿಡಿಸಿ ಹೇಳುವುದು ಯಾರಿಗೂ ಬೇಕಿರಲಿಲ್ಲ.

ಅಲ್ಲಿಂದ ಬಂದ ಮೇಲೆ ನಾನೇ ಅವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದೆ. ಟ್ಯಾಂಕಿನ ಹತ್ತಿರ ಅವನ ಕಲ್ಲಿಗೆ ಒರಗಿಸಿ ಕೂರಿಸಿದರೆ, ಡಿಸ್ಕ್ ನನ್ನ ಕೈಗೆ ಕೊಡುತ್ತಿದ್ದ. ಅವನ ಆಟವನ್ನು ನಾನು ಆಡಬೇಕು. ನಲವತ್ತು ದಾಟಿದವಳು, ಸೀರೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಹುಡುಗಿಯರ ಹಿಂದೆ ಬುಟ್ಟಿಯಿಂದ ಬುಟ್ಟಿಗೆ ಅಲೆಯುತ್ತಿದ್ದೆ. ನನ್ನ ಎಸೆತ ಅಪ್ಪನದಕ್ಕಿಂತ ಕೆಟ್ಟದ್ದು. ಬಲಕ್ಕೆ ಎಸೆದರೆ ಎಡಕ್ಕೆ ಹೋಗುತ್ತದೆ. ಕೊನೆಯ ಬುಟ್ಟಿಯ ಹತ್ತಿರ ಬಂದಾಗ ತಿರುಗಿ ನೋಡಿದರೆ, ಅಪ್ಪ ಅಲ್ಲಿ ಕಲ್ಲಿನ ಹತ್ತಿರ ಕತ್ತು ಚಾಚಿ ಕಾಯುತ್ತಿರುತ್ತಿದ್ದ. ಸರಪಳಿ ಝಲ್ಲೆಂದ ಕೂಡಲೇ ಟವೆಲ್ಲು ಎತ್ತಿ ಬೀಸುತ್ತಿದ್ದ. ಬಿದ್ದದ್ದು ಕೇಳಿಸಿತು ಅಂತ ಅರ್ಥ. ಆಮೇಲೆ ನಾನು ಸಮಾಧಿಯ ಮೇಲಿನ ತರಗು ಗುಡಿಸಿ, ಬಂದು ಅವನನ್ನು ಎಬ್ಬಿಸಿಕೊಂಡು ಹೋಗುತ್ತಿದ್ದೆ.

ಒಂದು ಸಂಜೆ ಹಾಗೆ ಎಬ್ಬಿಸುವಾಗ ಅವನು ಏಳಲಿಲ್ಲ. ನನ್ನ ಕೈ ಹಿಡಿದುಕೊಂಡು ಕೂತೇ ಇದ್ದ. ಹುಡುಗಿಯರು ಹೊರಟುಹೋಗಿದ್ದರು, ಪಿ.ಟಿ. ಮೇಷ್ಟ್ರು ದೂರದಲ್ಲಿ ಡಿಸ್ಕುಗಳನ್ನು ಚೀಲಕ್ಕೆ ತುಂಬುತ್ತಿದ್ದರು.

"ನಾನ್ ಸತ್ತ್ ದಿನ ನೀನು ಬಾಯಿ ಮಾಡ್ಬ್ಯಾಡ ಕಣವ್ವ," ಅಂದ.

ಏನು ಮಾತು ಅಂತ ಆಡುತ್ತೀಯ, ಏಳು ಅಂದೆ. ಏಳಲಿಲ್ಲ. ನಾನು ಹೂಂ ಅನ್ನುವವರೆಗೂ ಕೈ ಬಿಡಲಿಲ್ಲ. ಅಲ್ಲಿ ಮಣ್ಣು ಮಾಡು ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಅವನು ಕೇಳಿದ್ದು ಅದೊಂದೇ.

ಅದಾಗಿ ಸ್ವಲ್ಪ ದಿನಕ್ಕೆ, ಒಂದು ಭಾನುವಾರ ಬೆಳಿಗ್ಗೆ ಕಾಫಿ ಕೊಡಲು ಎಬ್ಬಿಸಿದರೆ ಅಪ್ಪನಲ್ಲಿ ಉಸಿರಿರಲಿಲ್ಲ. ಮುಖ ತೊಳೆದ ಹಾಗೆ ಶಾಂತವಾಗಿತ್ತು. ಊರು ಸೇರಿತು. ನೆಂಟರಿಷ್ಟರಿಗೆ ಫೋನು ಹೋಯಿತು. ನಮ್ಮ ದೊಡ್ಡಪ್ಪನ ಮಗ, ನನ್ನ ಅಣ್ಣನ ಸಮಾನ, ಮುಂದೆ ನಿಂತು ಎಲ್ಲ ಕೆಲಸ ಹಿಡಿದ. ಗುಣಿ ತೋಡುವವರಿಗೆ ಹಾರೆ ಗುದ್ದಲಿ ಕೊಟ್ಟು, ನಡೀರ್ಲಾ ಇಸ್ಕೂಲ್ ತಾವ್ಕೆ ಅಂದ. ನನ್ನನ್ನು ಕೇಳಲೇ ಇಲ್ಲ. ಕೇಳುವ ಅಗತ್ಯ ಅವನಿಗೆ ಕಾಣಲಿಲ್ಲ, ನಾನು ಏನನ್ನುತ್ತೇನೆ ಅಂತ ಇಡೀ ಊರಿಗೆ ಗೊತ್ತಿತ್ತು.

ಗೇಟಿಗೆ ಬೀಗ. ಅಣ್ಣ ಒಡೆಯಲು ಸುತ್ತಿಗೆ ತರಿಸಿದ. ಅಷ್ಟರಲ್ಲಿ ಯಾರೋ ಫೋನು ಮಾಡಿದ್ದರಿಂದ ಹೆಡ್ ಮೇಡಂ ಹೊಳೆನರಸೀಪುರದಿಂದ ಆಟೋ ಮಾಡಿಕೊಂಡು ಬಂದಿಳಿದರು. ಹಿಂದೆಯೇ ಪಿ.ಟಿ. ಮೇಷ್ಟ್ರ ಬೈಕು. ಅವರ ಕೈಯಲ್ಲಿ ಕಂಬ ಕೀಳಲು ತಂದ ಹಾರೆ ಇತ್ತು. ಯಾರೂ ಹೇಳಿರಲಿಲ್ಲ, ತಾವೇ ತಂದಿದ್ದರು. ದೂರು ಕೊಟ್ಟವನು ಅಂಗಡಿಯ ಜಗುಲಿಯ ಮೇಲೆ ನಿಂತು ಮೊಬೈಲು ಹಿಡಿದುಕೊಂಡಿದ್ದ. ಜನ ನ್ಯಾಯ ನೋಡಲು ನಿಂತ ಹಾಗೆ ಸಾಲಾಗಿ ನಿಂತರು.

ಹೆಡ್ ಮೇಡಂ ಅಣ್ಣನ ಹತ್ತಿರ ಮಾತಾಡಲಿಲ್ಲ. ನೇರ ನನ್ನ ಹತ್ತಿರ ಬಂದು ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟರು. "ನಾನು ತಡೆಯಲ್ಲ," ಅಂದರು. "ಆದ್ರೆ ನಾಳೆ ಮೇಲಿನವರು ಬಂದು ಅಗೆಸಿದ್ರೆ ನಿಮ್ಮ ತಾಯೀದೂ ಉಳಿಯಲ್ಲ. ನೀವು ಹೆಂಗೆ ಹೇಳ್ತೀರೋ ಹಂಗೆ."

ಆ ಕ್ಷಣದ ಮಟ್ಟಿಗೆ ಹೇಳುತ್ತೇನೆ, ನನಗೆ ಯಾವ ಕಾನೂನೂ ನೆನಪಿರಲಿಲ್ಲ. ನನ್ನ ಕೆಲಸ ಹೋದರೆ ಹೋಗಲಿ ಅನ್ನಿಸಿತ್ತು. ಜಗುಲಿಯ ಮೇಲೆ ನಿಂತವನ ಕುತ್ತಿಗೆ ಪಟ್ಟಿ ಹಿಡಿದು, ನಿನ್ನ ಮಗಳು ಓದುತ್ತಿರುವುದು ಯಾರ ಹೊಲದಲ್ಲಿ ಕಣೋ ಅಂತ ಕೇಳುವುದಕ್ಕೆ ಮಾತು ಗಂಟಲಿನವರೆಗೂ ಬಂದಿತ್ತು. ಎಲ್ಲರೂ ಅದಕ್ಕೇ ಕಾಯುತ್ತಿದ್ದರು. ನಾನು ಒಂದು ಸಲ ಬಾಯಿ ತೆಗೆದಿದ್ದರೆ ಸಾಕಿತ್ತು, ಅಣ್ಣ ಒಳಗೆ ನುಗ್ಗುತ್ತಿದ್ದ, ಅಪ್ಪ ಮಧ್ಯಾಹ್ನದ ಹೊತ್ತಿಗೆ ಅವ್ವನ ಪಕ್ಕದಲ್ಲಿರುತ್ತಿದ್ದ. ಆಮೇಲೆ ಜೆಸಿಬಿ ಬರುತ್ತಿತ್ತೋ ಇಲ್ಲವೋ, ಯಾರಿಗೆ ಗೊತ್ತು? ಬರದೆಯೂ ಇರಬಹುದಿತ್ತು. ಇವತ್ತಿಗೂ ಅದೇ ನನ್ನನ್ನು ತಿನ್ನುತ್ತದೆ, ಬರದೆಯೂ ಇರಬಹುದಿತ್ತು. ಆದರೆ ಬಂದರೆ? ಇಬ್ಬರನ್ನೂ ಮಣ್ಣಿನಿಂದ ಮೇಲಕ್ಕೆತ್ತಿ ಟಾರ್ಪಾಲಿನ ಮೇಲೆ ಮಲಗಿಸುವುದನ್ನು ನಾನು ಕಣ್ಣಾರೆ ನೋಡಬೇಕಾಗಿತ್ತು.

ಅಪ್ಪನ ಕೈ ನನ್ನ ಕೈ ಹಿಡಿದುಕೊಂಡಿದ್ದು ನೆನಪಾಯಿತು. ಬೀಗದ ಕೈಯನ್ನು ಮೇಡಂಗೆ ವಾಪಸು ಕೊಟ್ಟೆ. ಕಾಲುವೆ ಗದ್ದೆಯಲ್ಲಿ ತೋಡಿ ಅಂತ ಮೆಲ್ಲಗೆ ಅಂದೆ. ಅಣ್ಣ ನನ್ನ ಮುಖ ನೋಡಿದ. ಹುಟ್ಟಿದಾಗಿನಿಂದ ಬಾಯಿ ಮಾಡಿಕೊಂಡು ಬಂದವಳು, ಇವತ್ತು ಬಾಯಿ ಬಿದ್ದು ಹೋಯಿತಾ ಅಂದ. ಗುದ್ದಲಿಯನ್ನು ನೆಲಕ್ಕೆ ಎಸೆದ. ನಾನು ಅದನ್ನು ಎತ್ತಿ ಗುಣಿ ತೋಡುವವರ ಕೈಗೆ ಕೊಟ್ಟೆ. ಪಿ.ಟಿ. ಮೇಷ್ಟ್ರು ಹಾರೆಯನ್ನು ಬೈಕಿಗೆ ಒರಗಿಸಿ, ಆ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ಕಾಲುವೆ ಗದ್ದೆಯಲ್ಲಿ ನಮ್ಮವರು ಯಾರೂ ಇಲ್ಲ. ಅಲ್ಲಿ ಮಣ್ಣು ಒದ್ದೆ, ಗುಣಿ ತೋಡುವಾಗಲೇ ತಳದಲ್ಲಿ ನೀರು ಜಿನುಗಿತು. ಹುಲ್ಲು ಹಾಸಿ, ಅದರ ಮೇಲೆ ಹೊಸ ಪಂಚೆ ಹಾಸಿ ಅಪ್ಪನನ್ನು ಇಳಿಸಿದರು. ಎಲ್ಲರೂ ಮಣ್ಣು ಹಾಕಿದರು. ಅಪ್ಪ ಅಲ್ಲಿ ಒಬ್ಬನೇ ಆದ.

ಮೂರನೇ ದಿನ ಹಾಲು ತುಪ್ಪ. ಸಮಾಧಿಗೆ ಹಾಲು ತುಪ್ಪ ಬಿಟ್ಟು, ಅಪ್ಪನಿಗೆ ಇಷ್ಟವಾದದ್ದನ್ನು ಎಡೆ ಇಟ್ಟು ಬಂದೆವು. ಉಪ್ಪು ಹಾಕಿ ಮಾಡಿದ್ದೆ, ಎಷ್ಟು ದಿನದ ಮೇಲೆ. ಚೊಂಬಿನಲ್ಲಿ ಸ್ವಲ್ಪ ಹಾಲು ಉಳಿದಿತ್ತು, ಚೆಲ್ಲಲು ಮನಸ್ಸು ಬರಲಿಲ್ಲ. ಸಂಜೆ ಸ್ಕೂಲು ಬಿಡುವ ಹೊತ್ತಿಗೆ ಅದನ್ನೂ ಕೆಂಪು ಡಿಸ್ಕನ್ನೂ ತೆಗೆದುಕೊಂಡು ಹೋದೆ. ಸೂತಕದಲ್ಲಿ ಆಟ ಆಡುವವರುಂಟೇ ಅಂತ ಊರು ಅಂದುಕೊಳ್ಳಲಿ. ಗೇಟಿನಲ್ಲಿ ನನ್ನನ್ನು ಯಾರೂ ಏನೂ ಕೇಳಲಿಲ್ಲ. ನನ್ನ ಕೈಯಲ್ಲಿ ತಟ್ಟೆ ಇತ್ತು.

ಕಲ್ಲಿನ ಹತ್ತಿರ ನಿಂತು ಎಸೆದೆ. ಒಂದೊಂದು ಬುಟ್ಟಿಯನ್ನೂ ಬಿಡದೆ ಸುತ್ತಿ ಬಂದೆ. ಚರಂಡಿಯಲ್ಲಿ ಬಿದ್ದದ್ದನ್ನು ಎತ್ತಿಕೊಂಡೆ, ಸಿಲ್ವರ್ ಓಕ್‌ಗೆ ಬಡಿದದ್ದನ್ನು ಎತ್ತಿಕೊಂಡೆ. ಹೊಂಗೆ ಮರದ ಹತ್ತಿರ ಬಂದು ಎಸೆದಾಗ ಅವತ್ತು ಡಿಸ್ಕ್ ನೆಟ್ಟಗೆ ಹೋಯಿತು. ಸರಪಳಿ ಝಲ್ಲೆಂದಿತು. ಅಭ್ಯಾಸಬಲ, ತಿರುಗಿ ಕಲ್ಲಿನ ಕಡೆ ನೋಡಿದೆ. ಬಿಳಿ ಬಣ್ಣ ಬಳಿದ ಕಲ್ಲು, ಪಕ್ಕದಲ್ಲಿ ನೀರಿನ ಟ್ಯಾಂಕು. ಟವೆಲ್ಲು ಬೀಸುವವರು ಯಾರೂ ಇರಲಿಲ್ಲ.

ಉಳಿದ ಹಾಲನ್ನು ಕಂಬದ ಬುಡಕ್ಕೆ ಬಿಟ್ಟೆ. ಸಿಮೆಂಟಿನ ಮೇಲೆ ಅದು ಇಂಗಲಿಲ್ಲ, ಹರಿದುಕೊಂಡು ಅವ್ವನ ಸಮಾಧಿಯ ಕಡೆಗೇ ಹೋಯಿತು. ನಾನು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ಅವ್ವನಿಗೆ ಹೇಳಲೇಬೇಕಾದದ್ದನ್ನು ಹೇಳಿದೆ. ನಾನು ಹೇಳದಿದ್ದರೆ ಇನ್ಯಾರು ಹೇಳಬೇಕು?

"ಅವ್ವ, ಅಪ್ಪ ಬರಾಕಿಲ್ಲ. ಕಾಲ್ವೆ ತಾವ ಮಲಗ್ಸಿದೀವಿ. ನೀನು ಕಾಯ್ಬ್ಯಾಡ."

ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಹಿಂದಿನಿಂದ ಹುಡುಗಿಯರ ಸದ್ದು ಕೇಳಿಸಿತು. ಐದನೇ ಬುಟ್ಟಿ ಮುಗಿಸಿಕೊಂಡು ಬಂದು ಕಾಯುತ್ತಿದ್ದರು. ಅವರಲ್ಲಿ ಒಬ್ಬಳು, ಮೊದಲ ದಿನ ಅಪ್ಪನ ಕೈಗೆ ಡಿಸ್ಕ್ ಕೊಟ್ಟವಳು, ತಗ್ಗಿದ ದನಿಯಲ್ಲಿ, ಮೇಡಂ ಸ್ವಲ್ಪ ಪಕ್ಕಕ್ಕೆ ಬರ್ತೀರಾ, ಎಸೀಬೇಕು ಅಂದಳು. ನಾನು ಬುಟ್ಟಿಯಿಂದ ಅಪ್ಪನ ತಟ್ಟೆ ತೆಗೆದುಕೊಂಡು ಎದ್ದು ಪಕ್ಕಕ್ಕೆ ಸರಿದೆ.